ಒಂಬತ್ತೂಕಾಲಿನ ಕವಿತಾಳ ಗಾಡಿ

ಮಗಳು ವಿಶಾಖಾಳನ್ನು ನೋಡಲು ದೇವದುರ್ಗದಿಂದ ಗಂಡಿನವರು ಬರುವ ದಿನವೇ ಸುಂಕಪ್ಪನ ಫೋನಿಗೆ ಗ್ರಹಚಾರ ಹಿಡಿಯಿತು. ಬೆಳಗ್ಗೆ ಏಳಕ್ಕೆ, ಬಾಯಲ್ಲಿ ಬ್ರಶ್ಶು ಇರುವಾಗಲೇ ಮೊದಲ ಕರೆ.

“ಹಲೋ, ಮಾನ್ವಿ ಬಸ್ ಸ್ಟ್ಯಾಂಡೇನ್ರಿ? ಪೋತ್ನಾಳಕ್ಕ ಮುಂದಿನ ಗಾಡಿ ಎಷ್ಟೊತ್ತಿಗದ?”

ರಾಂಗ್ ನಂಬರ್ ಎಂದು ಇಟ್ಟ. ಇಟ್ಟ ಕೈ ತೆಗೆಯುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಪಕ್ಕದ ಮನೆಯ ವಲಿ ಪಾಷಾ ಓಡಿ ಬಂದ. ಓಣಿಯ ಯಾವ ಗದ್ದಲವೂ ತಾನಿಲ್ಲದೆ ಆಗಬಾರದು ಎನ್ನುವ ಮನುಷ್ಯ ಅವನು. ತನ್ನ ಮೊಬೈಲಿನಲ್ಲಿ ಅದೇನೋ ತಿಕ್ಕಿ ತೋರಿಸಿದ.

“ನೋಡ್ರಿ ಕಂಟ್ರೋಲರ್ ಸಾಬ್, ಇಂಟರ್‌ನೆಟ್ಟಿನ್ಯಾಗ ಊರ ಅಂಗಡಿ, ಆಫೀಸು ಎಲ್ಲಾದ್ರ ನಂಬರ್ ಹಾಕಿರ್ತಾರಲ್ಲ, ಅದ್ರಾಗ ಬಸ್ ಸ್ಟ್ಯಾಂಡ್ ವಿಚಾರಣಿ ಅಂತ ನಿಮ್ಮ ನಂಬರ್ ಕುಂತದ. ಇಪ್ಪತ್ನಾಲ್ಕು ತಾಸೂ ತೆರೆದಿರ್ತದಂತ!”

ಸುಂಕಪ್ಪನಿಗೆ ಕಾರಣ ಹೊಳೆಯಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದಾಗ, ಹಳ್ಳಿಯವರು ಬಿಸಿಲಲ್ಲಿ ಸುಮ್ಮನೆ ಕಾಯಬಾರದೆಂದು ತನ್ನ ನಂಬರನ್ನೇ ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಿದ್ದ. ಅವನು ನಿವೃತ್ತನಾಗಿಯೇ ಏಳು ವರ್ಷವಾಯಿತು. ಯಾವ ಪುಣ್ಯಾತ್ಮ ಆಗ ಅದರ ಫೋಟೊ ಹೊಡೆದಿಟ್ಟು ಈಗ ಇಂಟರ್‌ನೆಟ್ಟಿಗೆ ಹಾಕಿದ್ದನೋ!

“ತೆಗಸಿ ಬಿಡ್ಲೇನ್ರಿ?” ಎಂದ ಪಾಷಾ.

ಹೂಂ ಎನ್ನುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. “ಯಪ್ಪಾ, ರಾಯಚೂರಿಗೆ ಗಾಡಿ ಯಾವಾಗದಪ್ಪಾ?” ಒಬ್ಬ ಮುದುಕಿಯ ದನಿ. ಸುಂಕಪ್ಪನ ಎದೆ ಕರಗಿತು. ಏಳು ವರ್ಷದಿಂದ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಮನೆಯಲ್ಲಿ ಇವತ್ತು ಯಾವ ಪಲ್ಯ ಮಾಡಲಿ ಎಂದೂ ಕೇಳುತ್ತಿರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು.

“ಎಂಟಕ್ಕ ಎಕ್ಸ್‌ಪ್ರೆಸ್ ಅದ ಯವ್ವಾ, ಎಂಟೂವರಿಗೆ ಸಾದಾ ಗಾಡಿ. ಸಾದಾದ್ದಕ್ಕೇ ಹೋಗು, ಕುಂದ್ರಾಕ ಜಾಗ ಸಿಗ್ತದ.” ಆಮೇಲೆ ಪಾಷಾನ ಕಡೆ ತಿರುಗಿ, “ಇವತ್ತೊಂದು ದಿನ ಇರಲಿ ಬಿಡೋ” ಎಂದ.

ಅಲ್ಲಿಂದ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತೇಬಿಟ್ಟ. ಒಂದೊಂದು ಕರೆಗೂ ಹಳೆಯದೆಲ್ಲ ಕಣ್ಣ ಮುಂದೆ ಬಂತು. ಟಾಪಿನ ಮೇಲಿನ ಕೋಳಿ ಬುಟ್ಟಿ, ಮೆಣಸಿನಕಾಯಿ ಚೀಲ. ಹೊರಡುವ ಮುಂಚೆ ಅವನ ಕೋಣೆಯ ಬಾಗಿಲಲ್ಲಿ ನಿಂತು ಚಹಾ ಹೀರುತ್ತಿದ್ದ ಡ್ರೈವರುಗಳು. ಅವನ ಸೀಟಿ ಕೇಳಿದರೆ ಓಡಿ ಬರುತ್ತಿದ್ದ ಜನ. ಎಂಥ ದಿನಗಳವು! ಕೇಳಿದವರಿಗೆಲ್ಲ ಟೈಮನ್ನು ಬಾಯಿಪಾಠ ಒಪ್ಪಿಸಿದ. ಆ ಟೈಮುಗಳೂ ತನ್ನ ಜೊತೆಗೇ ನಿವೃತ್ತಿಯಾಗಿರಬಹುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

“ದೇವದುರ್ಗದಿಂದ ಮಾತಾಡಾಕತ್ತೀನ್ರಿ. ಏಳು ಮಂದಿ ಅದೀವಿ. ಮಾನ್ವಿಗೆ ಚೊಲೊ ಗಾಡಿ ಯಾವುದು?”

“ಒಂಬತ್ತೂಕಾಲಿನ ಕವಿತಾಳ ಗಾಡಿ ಹಿಡೀರಿ. ಸ್ಟ್ಯಾಂಡಿನ್ಯಾಗ ಗದ್ದಲ, ಊರ ಹೊರಗಿನ ಕ್ರಾಸಿಗೆ ನಿಂದರ್ರಿ. ಬಲಗಡಿ ಸೀಟು ಹಿಡದ್ರ ಬಿಸಲು ಬಡಿಯಂಗಿಲ್ಲ. ಕವಿತಾಳದಾಗ ಹತ್ತು ನಿಮಿಷ ನಿಲ್ತದ, ಬಿಸಿ ಮಿರ್ಚಿ ಭಜಿ ಸಿಗ್ತಾವ.”

ತನ್ನ ಮನೆಗೂ ದೇವದುರ್ಗದ ಮಂದಿ ಬರುವುದಿದೆ ಎಂಬುದು ಆ ಗಳಿಗೆಯಲ್ಲಿ ಅವನ ತಲೆಯಲ್ಲಿರಲಿಲ್ಲ. ಅವನು ಡ್ಯೂಟಿಯಲ್ಲಿದ್ದ.

ಹನ್ನೊಂದಾಯಿತು, ಹನ್ನೆರಡಾಯಿತು. ಒಳಗೆ ಮಂಡಕ್ಕಿ ಸುಸಲಾ ತಣ್ಣಗಾಗಿ ಹೆಂಡತಿ ಪಾರ್ವತೆಮ್ಮ ಬಿಸಿಯಾದಳು. ಸಂಬಂಧ ತಂದವನು ಅವಳ ತಮ್ಮ. ಹೀಗಾಗಿ ಗಂಡಿನವರ ಮಾತುಕತೆಯೆಲ್ಲ ಅವಳ ಫೋನಿನಲ್ಲೇ. ಹನ್ನೆರಡೂಕಾಲಿಗೆ ಅದು ರಿಂಗಾಯಿತು. ಮಾತು ಮುಗಿಸಿ ಹೊರಗೆ ಬಂದಳು.

“ಯಾವನೋ ವಿಚಾರಣಿಯಾಂವ ಒಂಬತ್ತೂಕಾಲಿಗೆ ಕವಿತಾಳ ಗಾಡಿ ಅದ ಅಂದನಂತ. ಅದು ನಿಂತು ಐದು ವರ್ಷಾತಂತ! ಕ್ರಾಸಿನ್ಯಾಗ ಮೂರು ತಾಸು ಒಣಗ್ಯಾರ. ಈಗ ಜೀಪು ಮಾಡ್ಕೊಂಡು ಬರಾಕತ್ತಾರ. ಅವನ ಬಾಯಾಗ ಮಣ್ಣು ಹಾಕ!”

“ಹಾಕ” ಎಂದ ಸುಂಕಪ್ಪ, ಉಡುಗಿದ ದನಿಯಲ್ಲಿ.

ಜೀಪು ಬರುವಷ್ಟರಲ್ಲಿ ಅವನು ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ. ದನಿ ಗುರುತು ಸಿಗಬಾರದಲ್ಲ. “ಗಂಟಲು ಕಟ್ಟೇದ್ರಿ” ಎಂದು ಪಾಷಾನ ಕೈಲಿ ಹೇಳಿಸಿದ. ಹುಡುಗ ಶೇಖರನ ತಾಯಿ ನೇತ್ರಾವತಿ ಬೆವರೊರೆಸಿಕೊಳ್ಳುತ್ತ ಆ ವಿಚಾರಣೆಯವನ ಏಳು ತಲೆಮಾರನ್ನು ಜಾಲಾಡಿದಳು. ಸುಂಕಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಆದರೆ ಶೇಖರನ ತಂದೆ ಗಡಿಗೆಪ್ಪ ಬೇರೆಯೇ ಮನುಷ್ಯ.

“ಬೈಬ್ಯಾಡ ಬಿಡಬೇ,” ಎಂದ. “ಇದ ಗಾಡಿಯಾಗ ನಿನ್ನ ನೋಡಾಕ ಬಂದಿದ್ದೆ ನಾನು. ಕವಿತಾಳದಾಗ ಇಳದು ಮಿರ್ಚಿ ತಿಂದಿದ್ದೆ. ಅಂವ ಫೋನಿನ್ಯಾಗ ನನಗ ಹೇಳಿದ ಕೂಡ್ಲೆ ಎಲ್ಲಾ ನೆನಪಾತು. ಈಗ ಅಷ್ಟು ಕಾಳಜಿಲೆ ಯಾರು ಹೇಳ್ತಾರ? ಸಿಕ್ಕರ ಕೈ ಮುಗೀತೀನಿ.” ಅವನ ಕಣ್ಣು ನಿಜವಾಗಿಯೂ ತುಂಬಿತ್ತು.

ಸುಂಕಪ್ಪನಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಒಂದು ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಮಫ್ಲರ್ ಕಿತ್ತೆಸೆದು, “ನಾನೇ ರೀ ಅಂವ!” ಎಂದುಬಿಟ್ಟ.

ಗಡಿಗೆಪ್ಪ ಕೈ ಮುಗಿಯುವ ಮೊದಲೇ ನೇತ್ರಾವತಿ ಎದ್ದು ನಿಂತಳು. “ನೀವಾ? ರೇಷ್ಮಿ ಸೀರಿ ಉಟ್ಕೊಂಡು ಮೂರು ತಾಸು ಬಿಸಲಾಗ ನಿಂತೀನ್ರೀ ನಾನು!”

ಪಾರ್ವತೆಮ್ಮ ಕಣ್ಣಲ್ಲೇ ಗಂಡನನ್ನು ಸುಟ್ಟಳು. ಸಂಬಂಧ ಹೋಯಿತೆಂದೇ ಎಲ್ಲರೂ ತಿಳಿದರು. ವಿಶಾಖಾ ಮಾತ್ರ ತಡೆಯಲಾರದೆ ಕಿಸಕ್ಕನೆ ನಕ್ಕಳು. ಅವಳನ್ನು ನೋಡಿ ಶೇಖರನೂ ನಕ್ಕ. ಮಗ ನಕ್ಕಿದ್ದು ಕಂಡು ತಾಯಿ ತುಸು ಮೆತ್ತಗಾದಳು.

“ಹುಡುಗಿ ಒಪ್ಪಿಗಿ ಅದ. ಆದ್ರ ಒಂದು ಕರಾರು. ಇವತ್ತಿನಿಂದ ಇವ್ರು ಯಾರಿಗೂ ಬಸ್ಸಿನ ಟೈಮು ಹೇಳಬಾರದು. ಹೇಳಿದ್ರ ಈ ಸಂಬಂಧ ಮುರೀತು ಅಂತ ತಿಳ್ಕೋರಿ.”

ಸುಂಕಪ್ಪ ಮಗಳ ತಲೆ ಮುಟ್ಟಿ ಆಣೆ ಮಾಡಿದ. ಪಾಷಾ ಅಲ್ಲೇ ನಿಂತು ಇಂಟರ್‌ನೆಟ್ಟಿನಿಂದ ನಂಬರ್ ತೆಗೆಸಿದ. ಜೀಪು ಆಗಲೇ ಹೋಗಿಬಿಟ್ಟಿದ್ದರಿಂದ ಬೀಗರು ಊಟ ಮುಗಿಸಿ ಬಸ್ಸಿಗೇ ಹೊರಟರು. ಟೈಮು ಯಾರೂ ಅವನನ್ನು ಕೇಳಲಿಲ್ಲ. ಫೋನು ಸುಮ್ಮನಾಯಿತು. ಎರಡನೇ ಸಲ ನಿವೃತ್ತನಾದಂತೆನಿಸಿ ಸುಂಕಪ್ಪನಿಗೆ ಬಹಳ ಬೇಸರವಾಯಿತು.

ನಾಲ್ಕೂವರೆಗೆ ಫೋನು ರಿಂಗಾಯಿತು. “ಹಲೋ, ದೇವದುರ್ಗಕ್ಕ ಗಾಡಿ ಯಾವಾಗದ್ರಿ?”

“ನಾ ಹೇಳಂಗಿಲ್ರಿ,” ಎಂದ ತುಟಿ ಕಚ್ಚಿಕೊಂಡು. “ಬಸ್ ಸ್ಟ್ಯಾಂಡಿನ್ಯಾಗ ಕೇಳ್ರಿ.”

“ಬಸ್ ಸ್ಟ್ಯಾಂಡಿನ್ಯಾಗೇ ಅದೀನ್ರಿ! ಇಲ್ಲೊಬ್ಬ ಚಹಾದಂಗಡಿಯಾಂವ, ಮಂದಿಗೆ ಹೇಳಿ ಹೇಳಿ ಸಾಕಾಗೇದ, ಟೈಮು ಈ ನಂಬರಿಗೆ ಕೇಳ್ರಿ ಅಂತ ಚೀಟಿ ಹಚ್ಯಾನ…” ದನಿ ಗಕ್ಕನೆ ನಿಂತಿತು. ಆಮೇಲೆ ನಿಧಾನಕ್ಕೆ ಬಂತು. “ಬೀಗರೇನ್ರಿ?”

“ಹೌದ್ರಿ.”

“ಟೈಮು ಹೇಳ್ರಿ,” ಎಂದಳು ನೇತ್ರಾವತಿ.

ಹೇಳಿದರೆ ಆಣೆ ಮುರಿಯುತ್ತದೆ. ಹೇಳದಿದ್ದರೆ ಬೀಗರು ಬೀದಿಯಲ್ಲಿ. ಹೇಳೋಣವೆಂದರೂ ಅವನಿಗೆ ಗೊತ್ತಿದ್ದದ್ದು ಏಳು ವರ್ಷದ ಹಿಂದಿನ ಟೈಮು. ಸುಂಕಪ್ಪ ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಕೂಗಿದ:

“ಪಾರ್ವತೀ, ಏಳು ಮಂದಿಗೆ ರೊಟ್ಟಿ ಬಡಿ!”