ಮೊಳಕೆಯೊಡೆದ ಧೈರ್ಯ

ನಮ್ಮ ಪುಣೆಯಲ್ಲಿ ‘ಪ್ರಯೋಗ’ ಎಂದರೆ ಮೊದಲು ನಾಟಕದ ಆಟ, ಆಮೇಲೆ ವಿಜ್ಞಾನ. ಇವೆರಡೂ ಬೇರೆ ಬೇರೆ ಎಂದು ನಂಬಿಕೊಂಡೇ ನಾನು ಇಷ್ಟು ವರ್ಷ, ಪ್ರಾಥಮಿಕ ಶಾಲೆಗೆ ಶಿಕ್ಷಕರಾಗಲಿರುವವರಿಗೆ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡುತ್ತ ಬಂದೆ. ಪದ್ಯ ಕೊಟ್ಟರೆ ಕುಣಿದು ಹಾಡಿಸುವ ಇವರಿಗೆ ಬೀಜ, ಬೇರು, ಗಾಳಿ ಎಂದರೆ ಮುಖ ಬಾಡುತ್ತದೆ. ‘ಹುಡುಗರು ಏನರ ಕೇಳಿದ್ರ ಏನ್ ಮಾಡ್ಲಿರಿ ಸರ್?’ ಎಂಬ ಒಂದೇ ಭಯ. ಅದಕ್ಕೆ ನನ್ನ ಬಳಿ ಮದ್ದಿತ್ತು: ‘ಗೊತ್ತಿಲ್ಲ, ಕೂಡಿ ಹುಡುಕೋಣ ಅನ್ನಿ.’ ಇದನ್ನು ನಾನು ಜಂಬದಿಂದ ವರ್ಣಿಸುವಾಗ ಹೆಂಡತಿ, ‘ಮನ್ಯಾಗ ಒಮ್ಮೆರ ಗೊತ್ತಿಲ್ಲ ಅಂದೀರೇನ್ರಿ?’ ಎಂದದ್ದುಂಟು.

ಯೆರವಡಾದಿಂದ ಬಸ್ಸು ಬದಲಿಸಿ ಬರುವ ಭಾರತಿ ನನ್ನ ಮಾತನ್ನು ನಂಬಿಬಿಟ್ಟಳು. ಕನ್ನಡ ಶಾಲೆಯ ಮೂರನೇ ತರಗತಿಯಲ್ಲಿ ಅವಳ ಪರೀಕ್ಷಾ ಪಾಠ. ಮಕ್ಕಳ ಕೈಯಿಂದಲೇ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಸಿಟ್ಟಿದ್ದಳು. ಪಾಠದ ದಿನ ಬಿಚ್ಚಿದರೆ ಒಂದೂ ಮೊಳೆತಿಲ್ಲ. ‘ಯಾಕ್ರೀ ಟೀಚರ್?’ ಎಂದಳು ಒಬ್ಬ ಪುಟ್ಟ ಹುಡುಗಿ. ‘ನನಗೂ ಗೊತ್ತಿಲ್ಲವಾ, ಕೂಡಿ ಹುಡುಕೋಣು’ ಎಂದಳು ಭಾರತಿ. ಕಾಳು ಹಳೇದು, ನೀರು ಕಡಿಮಿ ಆತು, ಥಂಡಿ ಅದ ಎಂದು ತರಗತಿಯೆಲ್ಲ ಗಿಜಿಗುಟ್ಟಿತು. ನನ್ನ ಕಣ್ಣು ತುಂಬಿತು. ಹೊರಗಿನಿಂದ ಬಂದ ಪರೀಕ್ಷಕರು ಮಾತ್ರ, ‘ಕಾಳಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಮುಂದಿನ ವಾರ ಮತ್ತ ಪಾಠ ಮಾಡ್ರಿ, ಇಲ್ಲಾಂದ್ರ ನಾಪಾಸು’ ಎಂದರು. ಅವಳ ಪರ ಮಾತಾಡಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು. ತೆರೆದ ಬಾಯಿಯನ್ನು ಅದಕ್ಕೇ ಬಳಸಿಕೊಂಡೆ.

ಮುಂದಿನ ವಾರ, ಮಕ್ಕಳಿಂದ ಮತ್ತೆ ಕಟ್ಟಿಸಿದ್ದ ಬಟ್ಟೆ ಬಿಚ್ಚಿದಾಗ ಉದ್ದುದ್ದ ಮೊಳಕೆ. ಅದೇ ಹುಡುಗಿ ಎದ್ದು ನಿಂತಳು. ‘ಟೀಚರ್, ನಾವು ಕಟ್ಟಿದ್ದು ಹೆಸರಕಾಳ್ರಿ. ಇದು ಮಡಕಿಕಾಳು.’ ನಿಜವೇ. ಕಾಯಿಪಲ್ಲೆ ಅಂಗಡಿಯಲ್ಲಿ ಮಿಸಳ್ ಎಂಬ ಖಾರದ ತಿಂಡಿಗೆಂದು ಮಾರುವ, ಮೊದಲೇ ಮೊಳಕೆ ಬರಿಸಿದ ಮಡಕಿ ಅದು. ಆ ಹುಡುಗಿ ಕಣ್ಣಿಟ್ಟು ನೋಡಿದ್ದೊಂದೇ ಅಂದು ಅಲ್ಲಿ ನಡೆದ ವಿಜ್ಞಾನ. ಭಾರತಿ ಅಳುಕಲಿಲ್ಲ. ‘ಸುಮ್ನ ಕೂಡು’ ಎಂದಳು. ಹುಡುಗಿ ಕೂತಳು. ‘ಏನ್ ಧೈರ್ಯರೀ ಈ ಬಾಯಾರ್ದು!’ ಎಂದು ಪರೀಕ್ಷಕರು ತಲೆದೂಗಿದರು. ನನಗೆ ನಾಚಿಕೆಯಾಯಿತು, ಚಪ್ಪಾಳೆಯನ್ನೂ ತಟ್ಟಿದೆ.

‘ಈಗ ವಿಜ್ಞಾನ ಅಂದ್ರ ಅಂಜಿಕಿನ ಇಲ್ರಿ ಸರ್’ ಎಂದು ಭಾರತಿ ಉಳಿದ ಕಾಳನ್ನು ನನಗೇ ಕೊಟ್ಟಳು. ಮನೆಯಲ್ಲಿ ಅದು ಉಸಳಿ ಪಲ್ಯವಾಯಿತು. ‘ಭಾಳ ಛಲೋ ಮೊಳಕಿ ಬಂದಾವ. ಹೆಂಗ ಬರಿಸ್ಯಾರ್ರೀ?’ ಎಂದು ಹೆಂಡತಿ ಕೇಳಿದಳು.

‘ಗೊತ್ತಿಲ್ಲ’ ಎಂದೆ. ಮನೆಯಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು.