ಭಾಮೈದನ ಕೃಷಿ ಹೊಂಡ

ಅನುಮಾನ ಪಡುವುದು ನನಗೆ ನಿವೃತ್ತಿಯಾದ ಮೇಲೆ ಅಂಟಿದ ಚಟವಲ್ಲ. ಗಣಿತದ ಮೇಷ್ಟ್ರಾಗಿದ್ದಾಗಲೂ ಎಲ್ಲ ಲೆಕ್ಕ ಸರಿಯಾಗಿ ಮಾಡಿದವನನ್ನೇ ಮೊದಲು ಎಬ್ಬಿಸಿ ನಿಲ್ಲಿಸುತ್ತಿದ್ದೆ. ನಮ್ಮ ರವೀಂದ್ರನಗರದ ಹಾಲಿನವನು ಒಂದು ದಿನ ಗಟ್ಟಿ ಹಾಲು ಕೊಟ್ಟರೆ, ಇಷ್ಟು ದಿನ ಏನು ಕೊಡುತ್ತಿದ್ದ ಎಂದು ಯೋಚಿಸುವವನು ನಾನು. ಇಂಥವನಿಗೆ, ಯಾವ ಊರಿನ ಯಾವ ರೈತನಿಗೆ ಯಾತಕ್ಕೆ ಸಹಾಯಧನ ಸಿಕ್ಕಿದೆ ಎಂಬ ಪಟ್ಟಿ ಮೊಬೈಲಿನಲ್ಲೇ ಸಿಗತೊಡಗಿದರೆ ಹೇಗಿರಬೇಡ! ಪೇಪರ್ ಓದುವುದನ್ನೇ ಬಿಟ್ಟೆ.

ಒಂದು ಬೆಳಿಗ್ಗೆ ಭದ್ರಾವತಿ ಕಡೆಯ ಪಟ್ಟಿಯಲ್ಲಿ ನನ್ನ ಹೆಂಡತಿಯ ತಮ್ಮ ಮಂಜಪ್ಪನ ಹೆಸರು ಕಂಡಿತು. ಕೃಷಿ ಹೊಂಡಕ್ಕೆ ಸಹಾಯಧನ! ಹಿಂದಿನ ವಾರವಷ್ಟೇ ನಮ್ಮ ಮನೆಯಲ್ಲಿ ನಾಲ್ಕು ಅಕ್ಕಿರೊಟ್ಟಿ ತಿನ್ನುತ್ತಾ ಜಮೀನಿನ ಸುದ್ದಿಯೆಲ್ಲ ಹೇಳಿದ್ದವನು ಹೊಂಡದ ಮಾತೇ ಎತ್ತಿರಲಿಲ್ಲ.

"ಇಲ್ಲದ ಹೊಂಡಕ್ಕೆ ದುಡ್ಡು ಹೊಡೆದಿದಾನೆ ನಿನ್ನ ತಮ್ಮ" ಎಂದೆ.

ಸುಮಿತ್ರಾ ಸೌಟು ಕೆಳಗಿಟ್ಟಳು. "ಹೋಗಿ ನೋಡ್ಕೊಂಡು ಬನ್ನಿ. ಹೊಂಡ ಇಲ್ದಿದ್ರೆ ದೂರು ನಾನೇ ಬರೆದು ಕೊಡ್ತೀನಿ. ಇದ್ರೆ ಮಾತ್ರ ಅವನ ಹತ್ರ ತಪ್ಪಾಯ್ತು ಅಂತ ಹೇಳೇ ಮನೆಗೆ ಬರ್ಬೇಕು."

ಅಳತೆ ಟೇಪು ಜೇಬಿಗಿಳಿಸಿ ಬಸ್ಸು ಹತ್ತಿದೆ. ಮಲವಗೊಪ್ಪ ದಾಟಿದ ಮೇಲೆ ಕಿಟಕಿಯಿಂದ ಕಂಡ ಹೊಲಗಳೆಲ್ಲ ಏನನ್ನೋ ಮುಚ್ಚಿಟ್ಟುಕೊಂಡ ಹಾಗೆ ಕಂಡವು. ಮಂಜಪ್ಪ ಮನೆಯ ಮುಂದೆಯೇ ಸಿಕ್ಕಿದ.

"ಏನ್ ಭಾವ, ಫೋನೂ ಮಾಡ್ದೆ ಬಂದ್ರಿ?"

"ಸುಮ್ನೆ, ನಿನ್ನ ಜಮೀನು ನೋಡಾಣ ಅಂತ."

ಅವನ ಮುಖ ಸಪ್ಪಗಾಯಿತು. "ಇವತ್ತು ಬೇಡ ಭಾವ. ಇಲಾಖೆಯವ್ರು ಫೋಟೋ ತೆಗೆಯಕ್ಕೆ ಬರ್ತಿದಾರೆ."

ಸಿಕ್ಕಿಬಿದ್ದ ಎಂದುಕೊಂಡು ನಾನೇ ಮುಂದೆ ನಡೆದೆ. ಜಮೀನಿನ ಮೂಲೆಯಲ್ಲಿ ಹೊಂಡವಿತ್ತು. ಟಾರ್ಪಾಲು ಹಾಸಿ, ಸುತ್ತ ಬೇಲಿ ಕಟ್ಟಿ, ಅಂಚಿನವರೆಗೂ ನೀರು ತುಂಬಿದ್ದ ನಿಜವಾದ ಹೊಂಡ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಳೆಯಕ್ಕೆ ಬರ್ತಿದ್ರಿ."

ಹೊಂಡವೇನೋ ಇದೆ, ಪಟ್ಟಿಯಲ್ಲಿರುವಷ್ಟು ಉದ್ದ ಇದೆಯೇ? ಇಲಾಖೆಯ ಹುಡುಗಿ ಸ್ಕೂಟರಿನಲ್ಲಿ ಬಂದು ಮಂಜಪ್ಪನೊಂದಿಗೆ ಮಾತಾಡುತ್ತಿದ್ದಾಗ ಬೇಲಿಯ ಗೇಟು ತೆಗೆದು ಒಳಗೆ ಹೋಗಿ, ಅಂಚಿನಲ್ಲಿ ಕೂತು ಟೇಪು ಬಿಚ್ಚಿದೆ. ಒದ್ದೆ ಟಾರ್ಪಾಲಿನ ಮೇಲೆ ಕಾಲಿಟ್ಟದ್ದಷ್ಟೇ ಗೊತ್ತು. ಮರುಕ್ಷಣ ನೀರಿನಲ್ಲಿದ್ದೆ. ಹತ್ತಲು ಹೋದಷ್ಟೂ ಜಾರುತ್ತಿದ್ದೆ, ಕಾಲಿಗೆ ನೆಲ ಸಿಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅಷ್ಟರಲ್ಲಿ ಒಂದು ಹಗ್ಗ ಮುಖದ ಮೇಲೆ ಬಿತ್ತು.

"ಭಾವ, ಗಟ್ಟಿಯಾಗಿ ಹಿಡ್ಕೊಳಿ ಮಾರಾಯ್ರೆ! ಅನುಮಾನ ಆಮೇಲೆ ಪಡಿ!"

ಮಂಜಪ್ಪ ಎಳೆದು ಮೇಲೆ ಹಾಕಿದ. ಅವನ ಅಂಗೈ ಸುಲಿದು ಕೆಂಪಾಗಿತ್ತು. ನಡುಗುತ್ತಲೇ "ತಪ್ಪಾಯ್ತಪ್ಪ" ಎಂದೆ. ಅವನು ತನ್ನ ಪಂಚೆ ತಂದುಕೊಟ್ಟು, "ಆಳ ಸರಿ ಇದೆ ತಾನೆ?" ಎಂದಷ್ಟೇ ಕೇಳಿದ.

ವಾರ ಬಿಟ್ಟು ಪಟ್ಟಿ ತೆರೆದರೆ ಮಂಜಪ್ಪನ ಹೆಸರಿನ ಪಕ್ಕದಲ್ಲಿ ಫೋಟೋ ಬಂದಿದೆ. ತುಂಬಿದ ಹೊಂಡ, ಅದರಲ್ಲಿ ಹಗ್ಗ ಹಿಡಿದು ಬಾಯಿ ತೆರೆದಿರುವ ನಾನು. ಗಾಬರಿಯಲ್ಲಿ ಆ ಹುಡುಗಿಯ ಬೆರಳು ಫೋನಿನ ಗುಂಡಿ ಒತ್ತಿ ಫೋಟೋವನ್ನು ನೇರ ಪಟ್ಟಿಗೇ ಕಳಿಸಿಬಿಟ್ಟಿತ್ತಂತೆ. ಕಚೇರಿಗೆ ಓಡಿ, ತೆಗೆಸಿ ಎಂದು ಬೇಡಿಕೊಂಡೆ. "ಸಾರ್ವಜನಿಕ ದಾಖಲೆ ಸರ್, ತೆಗೆಯಕ್ಕೆ ಬರಲ್ಲ. ಎಲ್ಲಾ ಪಾರದರ್ಶಕವಾಗಿ ಇರ್ಬೇಕಲ್ವಾ?" ಎಂದರು.

ನಿನ್ನೆ ಮಂಜಪ್ಪ ಫೋನ್ ಮಾಡಿದ್ದ. ಪಟ್ಟಿ ಓದುವ ಯಾರೋ ಪುಣ್ಯಾತ್ಮ ಅರ್ಜಿ ಹಾಕಿದ್ದಾನಂತೆ: ಕೃಷಿಗೆಂದು ಕೊಟ್ಟ ಸಹಾಯಧನದಲ್ಲಿ ಈಜುಕೊಳ ಕಟ್ಟಿಕೊಂಡು ನೆಂಟರಿಷ್ಟರು ಜಲಕ್ರೀಡೆಯಾಡುತ್ತಿದ್ದಾರೆ, ತನಿಖೆಯಾಗಬೇಕು ಎಂದು. ಫೋಟೋದಲ್ಲಿರುವ ವ್ಯಕ್ತಿ ಲಿಖಿತ ಹೇಳಿಕೆ ಕೊಡಬೇಕಂತೆ. ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ. ಓದುವವನು ನನ್ನಂಥವನಾಗಿದ್ದರೆ ಇದರಲ್ಲಿ ಒಂದಕ್ಷರವನ್ನೂ ನಂಬುವುದಿಲ್ಲ.