ಗಬ್ಬೂರಿನ ಅತ್ತೆಗೆ ಹಿಡಿದ ಗಾಳಿ

ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ವೈದ್ಯರ ಮನೆಗೆ ಭಯವೂ ನಗುವೂ ಒಂದೇ ಬಾಗಿಲಿನಿಂದ ಬರುತ್ತವೆ, ಬೇಡವೆಂದರೂ ಬರುತ್ತಲೇ ಇರುತ್ತವೆ. ನಾನು ರಾಯಚೂರಿನಲ್ಲಿ ಈ ಕೆಲಸ ಶುರು ಮಾಡಿದ್ದು ಎಪ್ಪತ್ತರ ದಶಕದ ಕೊನೆಗೆ. ಕೂಸು ಕೊಡುವವನು ಶಿವ, ನಾನು ಅವನ ಬಾಗಿಲು ಬಡಿಯುವಾಕೆ ಅಷ್ಟೇ ಎಂಬುದು ಅಂದಿಗೂ ಇಂದಿಗೂ ನನ್ನ ನಂಬಿಕೆ. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳದೆ ಯಾರ ನಾಡಿಯನ್ನೂ ಮುಟ್ಟಿದವಳಲ್ಲ. ಆದರೂ ನಡೆಯುವುದು ನಡೆಯುತ್ತಿತ್ತು.

ಬೀಗದ ಕೈ

ವಾರಕ್ಕೊಂದು ದಿನ ದೇವದುರ್ಗಕ್ಕೆ, ಒಂದು ದಿನ ಮಾನ್ವಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಜೊತೆಗೆ ನಮ್ಮ ನರ್ಸಮ್ಮ. ದೇವದುರ್ಗದಲ್ಲಿ ನಮಗೆ ಯಾರೂ ಜಾಗ ಕೊಡಲಿಲ್ಲ. ಮಕ್ಕಳಾಗದ ಹೆಂಗಸರು ದಿನಾ ಹೊಸ್ತಿಲು ತುಳಿದರೆ ಮನೆಗೆ ಒಳ್ಳೆಯದಲ್ಲ ಅಂತ ಅವರ ಲೆಕ್ಕ. ಕಡೆಗೆ ಒಬ್ಬ ಯಜಮಾನರು ತಾವಾಗಿಯೇ ಕರೆದು, ಹೊಸ್ತಿಲಾಚೆ ನಿಂತು, ಕೈ ಉದ್ದ ಮಾಡಿ ತಮ್ಮ ಖಾಲಿ ಮನೆಯ ಬೀಗದ ಕೈ ಕೊಟ್ಟರು.

"ನೀವು ದೇವರ ಹೆಸರು ತೊಗೊಳ್ಳೋರು. ನಿಮಗೇನೂ ಆಗಂಗಿಲ್ಲ."

"ಏನಾಗಬೇಕಿತ್ರೀ?" ಅಂದೆ.

"ಏನಿಲ್ಲ. ನಡುಮನ್ಯಾಗ ಒಬ್ಬಾಕಿ ಇದ್ದಾಳ."

ಆ ಮನೆಯ ಸೊಸೆಯಾಗಿದ್ದವಳಂತೆ. ಮಕ್ಕಳಿಲ್ಲದೆ ಕೊರಗಿ ಸತ್ತಿದ್ದಳಂತೆ. ಮೊದಲ ವಾರವೇ, ಸುಡುಸುಡು ಮಧ್ಯಾಹ್ನ, ಎಲೆ ಅಲುಗದ ಹೊತ್ತಿನಲ್ಲಿ, ನಡುಮನೆಯಿಂದ ಕಾಲುಂಗುರ ನೆಲಕ್ಕೆ ತಾಗುವ ಸಪ್ಪಳ ಕೇಳಿತು. ಅತ್ತಿಂದಿತ್ತ, ಇತ್ತಿಂದತ್ತ. ನರ್ಸಮ್ಮ ನನ್ನ ಸೆರಗು ಹಿಡಿದು ನಿಂತಳು. ನಾನು ಹೊಸ್ತಿಲಿಗೆ ಒಂದು ಚಿಟಿಕೆ ವಿಭೂತಿ ಇಟ್ಟು, "ಯವ್ವಾ, ನಿನ್ನಂಥವರ ಸಲುವಾಗೇ ಬಂದೀವಿ, ಒಂದೀಟು ಜಾಗ ಕೊಡು" ಅಂದೆ. ಸಪ್ಪಳ ನಿಂತಿತು. ಅದು ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ರೋಗಿಗಳು ಬರುವುದಿಲ್ಲ ಅಂದುಕೊಂಡಿದ್ದೆ. ಮರುವಾರ ಕಟ್ಟೆಯ ತುಂಬ ಹೆಂಗಸರು. ಹೆದರಿಕೆ ಆಗಲಿಲ್ಲವೇ ಎಂದು ಒಬ್ಬಳನ್ನು ಕೇಳಿದೆ.

"ಹೆದರಿಕಿ ಯಾತಕರೀ? ದೆವ್ವದ ಮನಿಗೆ ಹೋಗಿದ್ದೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ. ಮಕ್ಕಳಾಗಾಕ ಡಾಕ್ಟರ ಹಂತ್ಯಾಕ ಹೋಗಿದ್ದೆ ಅಂದ್ರ ಊರೆಲ್ಲಾ ಮಾತಾಡ್ತದ."

ಅತ್ತೆಯ ಬಾಯಿ

ಆ ಕಟ್ಟೆಯ ಮೇಲೆಯೇ ಗಬ್ಬೂರಿನ ಅತ್ತೆ ಸೊಸೆ ಸಿಕ್ಕಿದ್ದು. ಅತ್ತೆ ಗಟ್ಟಿ ಹೆಂಗಸು, ನಲವತ್ತರ ಆಸುಪಾಸು. ಸೊಸೆ ತುಟಿ ಬಿಚ್ಚದ ಹುಡುಗಿ. ಅತ್ತೆಯ ಮುಂದೆ ಸೊಸೆ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

"ಮುಟ್ಟು ಯಾವಾಗ ಆಗಿತ್ತವ್ವಾ?" ಅಂದೆ ಸೊಸೆಗೆ.

"ಅಮಾಸಿ ಮುಂದ್ರೀ" ಅಂದಳು ಅತ್ತೆ.

"ಹೊಟ್ಟಿ ನೋಯ್ತದೇನು?"

"ಇಲ್ಲರೀ" ಅಂದಳು ಅತ್ತೆ.

"ಗಂಡನ ಜೋಡಿ ಎಲ್ಲಾ ಸರಿ ಅದ?"

"ನನ್ನ ಮಗ ಬಂಗಾರದಂಥಾವರೀ" ಅಂದಳು ಅತ್ತೆ.

"ನೀವು ಒಂದೀಟು ಹೊರಗ ಕುಂದರ್ರಿ" ಅಂದರೆ, "ನಾ ಹೊರಗ ಹೋದ್ರ ಈಕಿಗೆ ಮಾತ ಹೊಂಡಂಗಿಲ್ಲರೀ" ಎಂದು ಕುರ್ಚಿಯನ್ನು ಇನ್ನೂ ಮುಂದೆ ಎಳೆದುಕೊಂಡಳು. ಆಮೇಲೆ ಸೊಸೆಯ ಎದುರೇ ನಿರಾಳವಾಗಿ ಹೇಳಿದಳು. "ಸುಗ್ಗಿ ತನಕ ನೋಡ್ತೀನ್ರಿ. ಅಷ್ಟ್ರಾಗ ಆಗಲಿಲ್ಲಂದ್ರ ಈಕಿನ್ನ ತವರಿಗೆ ಕಳಿಸಿ, ಅರಕೇರಾದಾಕಿನ್ನ ತರ್ತೀನಿ. ಹುಡುಗಿ ನೋಡಿ ಇಟ್ಟೀನಿ."

ನಾಡಿ ಹಿಡಿದಿದ್ದ ನನ್ನ ಕೈಯ ಮೇಲೆ ಬಿಸಿಯಾದ ಒಂದು ಹನಿ ಬಿತ್ತು. ಅಂದಿನಿಂದ ನನ್ನ ಪೂಜೆಯಲ್ಲಿ ಆ ಹುಡುಗಿಯ ಹೆಸರೂ ಸೇರಿತು. ಪರೀಕ್ಷೆಗಳೆಲ್ಲ ಮುಗಿದವು. ಅವಳಲ್ಲಿ ಏನೂ ದೋಷವಿರಲಿಲ್ಲ. "ನಾಲಿಗಿ ತೋರಿಸವ್ವಾ" ಅಂದಾಗ ಮಾತ್ರ ಅತ್ತೆ ಸೊಸೆ ಇಬ್ಬರೂ ತೋರಿಸಿದ್ದರು.

ಬಾಟಲಿಯೊಳಗಿನ ಕಣ್ಣು

ಇನ್ನು ಉಳಿದದ್ದು ಗಂಡನ ಪರೀಕ್ಷೆ. ಸಣ್ಣ ಬಾಟಲಿ ಕೊಟ್ಟು, ಏನು ತರಬೇಕೆಂದು ನರ್ಸಮ್ಮ ಅತ್ತೆಯ ಕಿವಿಯಲ್ಲಿ ಹೇಳಿದಳು. ಅತ್ತೆ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆ ತೆಗೆದಳು.

"ನನ್ನ ಮಗನ ಮೈಯಾಂದು ಏನೂ ಹೊರಗ ಕೊಡಂಗಿಲ್ಲರೀ. ಕ್ಷೌರದ ಕೂದಲಾ ಸೈತ ನಾ ಹುಗದು ಬರ್ತೀನಿ. ಮಾಟದವರ ಕೈಗೆ ಸಿಕ್ರ ಏನ್ ಗತಿ?"

ಶಿವನ ಮೇಲೆ ಆಣೆ ಮಾಡಿ, ಪರೀಕ್ಷೆಯಾದ ಕೂಡಲೇ ನಾನೇ ಅದನ್ನು ಸುಟ್ಟುಬಿಡುತ್ತೇನೆ ಅಂದ ಮೇಲೆ ಬಾಟಲಿ ಗಬ್ಬೂರಿಗೆ ಹೋಯಿತು. ಮಗನಿಗೆ ಏನು ಹೇಳಿದಳೋ, ತಾಯಿಯಾದವಳು ಎಷ್ಟು ಬಿಡಿಸಿ ಹೇಳಿಯಾಳು. ಹದಿನೈದು ದಿನದ ಮೇಲೆ ಬಾಟಲಿ ರಾಯಚೂರಿಗೆ ಬಂತು. ಅರಿಶಿನದ ಬಟ್ಟೆ ಸುತ್ತಿ, ಬೇವಿನೆಲೆ ಸಿಕ್ಕಿಸಿ, ಕರಿದಾರ ಕಟ್ಟಿತ್ತು. ನರ್ಸಮ್ಮ ಅದನ್ನು ಚಿಮಟದಲ್ಲಿ ಹಿಡಿದು ತಂದಳು.

ಒಂದು ಹನಿ ಗಾಜಿನ ಮೇಲೆ ಹಾಕಿ, ಶಿವಶಿವಾ ಅಂತ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಒಳಗಿಂದ ಒಂದು ಕಣ್ಣು ನನ್ನನ್ನೇ ನೋಡಿತು. ಕರಿ ಕಣ್ಣು, ಮೈತುಂಬ ಮುಳ್ಳು, ಬಾಯಿ ಆಡಿಸುತ್ತಿತ್ತು. ನರ್ಸಮ್ಮ ಇಣುಕಿ ನೋಡಿ ಗೋಡೆಗೆ ಒರಗಿದಳು.

ಸಮಾಧಾನ ಮಾಡಿಕೊಂಡು ಬಾಟಲಿ ಮೂಸಿದರೆ ತುಳಸಿ, ಪಚ್ಚಕರ್ಪೂರ. ಮಗರಾಯ ಊರ ಹನುಮಪ್ಪನ ಗುಡಿಯ ತೀರ್ಥ ತುಂಬಿ ಕಳಿಸಿದ್ದ. ಆ ಹದಿನೈದು ದಿನದಲ್ಲಿ ಅದರೊಳಗೆ ಸೊಳ್ಳೆಮರಿ ಹುಟ್ಟಿತ್ತು. ತೀರ್ಥವನ್ನು ಸುಡುವುದು ಹೇಗೆ, ಭಕ್ತಿಯಿಂದ ತುಳಸಿಕಟ್ಟೆಗೆ ಹಾಕಿದೆ.

ಸಂಜೆ ಅತ್ತೆ ಬಂದು ಕೇಳಿದಳು. "ಏನ್ ಕಾಣ್ತರೀ? ಜೀವ ಅದ?"

"ಜೀವ ಅದವ್ವಾ," ಅಂದಳು ನರ್ಸಮ್ಮ, "ಮನಷ್ಯಾರದ್ದಲ್ಲ."

ಮಾನ್ವಿಗೆ ಬಂದಾಕಿ

ಆಮೇಲೆ ಕೆಲವು ತಿಂಗಳು ಗಬ್ಬೂರಿನವರು ಬರಲಿಲ್ಲ. ಸುಗ್ಗಿ ಹತ್ತಿರ ಬರುತ್ತಿತ್ತು, ನನಗೆ ಆ ಹುಡುಗಿಯದೇ ಚಿಂತೆ. ಒಂದು ದಿನ ಮಾನ್ವಿಯಲ್ಲಿ, ಎಲ್ಲರೂ ಹೋದ ಮೇಲೆ, ಮೂಲೆಯ ಬೆಂಚಿನಲ್ಲಿ ಒಬ್ಬಳು ಉಳಿದಿದ್ದಳು. ಮುಖದ ತುಂಬ ಸೆರಗು. ಹೆಸರು ಕೇಳಿದರೆ ಮಾತಿಲ್ಲ. ಊರು ಕೇಳಿದರೆ ಮಾತಿಲ್ಲ. ಅಷ್ಟರಲ್ಲಿ, ಅವಳು ಅಲುಗದೆ ಕೂತಿದ್ದಂತೆಯೇ, ಸೀರೆಯ ಒಳಗೆ ಹೊಟ್ಟೆಯ ಹತ್ತಿರ ಏನೋ ಎದ್ದು, ಆ ಕಡೆಯಿಂದ ಈ ಕಡೆಗೆ ಹೊರಳಿ, ಅಡಗಿತು.

ನರ್ಸಮ್ಮ ನನ್ನ ಬೆನ್ನ ಹಿಂದೆ ಬಂದು ಪಿಸುಗುಟ್ಟಿದಳು. "ಅಮ್ಮಾರ, ದೇವದುರ್ಗದ ನಡುಮನಿಯಾಕಿ ಬಸ್ ಹತ್ತಿ ಇಲ್ಲಿಗೇ ಬಂದಾಳ."

ನಾನು ಪಂಚಾಕ್ಷರಿ ಜಪಿಸುತ್ತ ಹೋಗಿ ಸೆರಗು ಸರಿಸಿದೆ. ಗಬ್ಬೂರಿನ ಅತ್ತೆ. ಮುಖ ಸುಣ್ಣದಂತಾಗಿತ್ತು.

"ನಿಮ್ಮ ದೆವ್ವದ ಮನಿಗೆ ಬಂದಾಗಿನಿಂದ ಗಾಳಿ ಹೊಕ್ಕದರೀ ನನಗ," ಅಂದಳು. "ಮದಲ ಅನ್ನ ಸೇರಲಿಲ್ಲ. ಮುಟ್ಟು ನಿಂತ್ತು, ವಯಸ್ಸಾತು ಅಂದ್ಕೊಂಡೆ. ಈಗ ಒಳಗ ಒದೀತದ. ಮಂತ್ರ ಹಾಕಿಸಿದೆ, ಬೇವಿನ ಸೊಪ್ಪಿನ್ಯಾಗ ಹೊಡಿಸ್ಕೊಂಡೆ. ಹೊಡದಷ್ಟೂ ಒದೀತದ."

ಮಲಗಿಸಿ, ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿಗೊಟ್ಟೆ. ಒಳಗಿನಿಂದ ಕುದುರೆ ಓಡಿ ಬಂದ ಹಾಗೆ ಸಪ್ಪಳ. ಇಷ್ಟು ವರ್ಷ ಕೇಳಿದರೂ ಆ ಸಪ್ಪಳಕ್ಕೆ ನನಗೆ ಕಣ್ಣು ತುಂಬುತ್ತದೆ.

"ಯವ್ವಾ, ಗಾಳಿ ಅಲ್ಲ. ಕೂಸು ಅದ. ಐದು ತಿಂಗಳಾಗ್ಯಾವ."

ಅವಳು ಸೆರಗನ್ನು ಮತ್ತೆ ಮುಖಕ್ಕೆ ಎಳೆದುಕೊಂಡಳು. ಅದರೊಳಗಿಂದಲೇ ಸಣ್ಣ ದನಿಯಲ್ಲಿ, "ಗಾಳೀನೇ ಇದ್ರ ಚಲೋ ಇತ್ತಲ್ಲರೀ" ಅಂದಳು. ಹೊರಗೆ ಬೇವಿನ ಗಿಡದ ಕೆಳಗೆ ಅವಳ ಗಂಡ ಬೀಡಿ ಸೇದುತ್ತ ಕೂತಿದ್ದ. ನರ್ಸಮ್ಮ ಹೋಗಿ ಸುದ್ದಿ ಹೇಳಿದಳು. ಅವನು ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ.

ಸುಗ್ಗಿಗೆ ಮದುವೆಯ ದಿನ ಗೊತ್ತು ಮಾಡಲು ಅರಕೇರಾದ ಬೀಗರು ಬಂದರಂತೆ. ಅತ್ತೆ ಎಷ್ಟು ಸೆರಗು ಹೊದ್ದರೂ ಹೊಟ್ಟೆ ಎಲ್ಲಿ ಅಡಗುತ್ತದೆ. ಹುಡುಗಿಯ ತಂದೆ ನೀರು ಸೈತ ಕುಡಿಯದೆ ಎದ್ದರಂತೆ. "ನಮ್ಮ ಹುಡುಗಿನ್ನ ಹಡಿಯಾಕ ಕರಿಯಾಕತ್ತೀರೋ, ನಿಮ್ಮ ಬಾಣಂತನ ಮಾಡಾಕ ಕರಿಯಾಕತ್ತೀರೋ, ಮದಲ ತಿಳಿಸ್ರಿ."

ಕಂಬಳಿ ಹೊದ್ದು ಹೋಗುವವನು

ಅತ್ತೆ ಗಂಡುಮಗು ಹಡೆದಳು. ಆದರೆ ಹಟ ಬಿಡಲಿಲ್ಲ. "ಬಾಣಂತನ ಮುಗೀಲಿ, ಬ್ಯಾರೆ ಊರಾಗ ಹುಡುಗಿ ನೋಡ್ತೀನಿ" ಎಂದು ಹಾಸಿಗೆಯಿಂದಲೇ ಹೇಳುತ್ತಿದ್ದಳಂತೆ. ಅತ್ತೆ ಬಾಣಂತಿಕೋಣೆಯಲ್ಲಿ ಇದ್ದದ್ದರಿಂದ ಸೊಸೆ ಮೊದಲ ಸಲ ಒಬ್ಬಳೇ ದೇವದುರ್ಗಕ್ಕೆ ಬಂದಳು. ಕೂತಳು. ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಕಡೆ ನೋಡಿದಳು. ಆಮೇಲೆ ತಾನೇ ಮಾತಾಡಿದಳು.

"ಅಮ್ಮಾರ, ಹೊತ್ತು ಮುಣಗಿದ್ರ ನಮ್ಮ ಮನಿಯವ್ರು ಮನಿಯವ್ರಾಗಿ ಇರಂಗಿಲ್ಲರೀ. ಉಂಡು, ಬಿಳಿ ಕಂಬಳಿ ಹೊದ್ದು, ಹೊಂಟೇಬಿಡ್ತಾರ. ಕರದ್ರ ಹೊಳ್ಳಿ ನೋಡಂಗಿಲ್ಲ. ನಾಯಿ ಸೈತ ಬೊಗಳಂಗಿಲ್ಲ. ಕೋಳಿ ಕೂಗಾಗ ಬರ್ತಾರ, ಹಣಿ ಮ್ಯಾಲ ಕೆಂಪು ಇರ್ತದ. ಮದಿವಿ ಆದ ವರ್ಷ ಹಿಂಗಿರಲಿಲ್ಲ. ಯಾವಾಕಿ ಕರೀತಾಳೋ."

"ಮೋಹಿನಿ" ಅಂದಳು ನರ್ಸಮ್ಮ. ಹೊರಗೆ ಕಟ್ಟೆಯ ಮೇಲಿನವರು ಬಾಗಿಲ ಹತ್ತಿರಕ್ಕೆ ಸರಿದರು.

ನಾನು ಹೇಳಿಕಳಿಸಿದೆ. ಮರುವಾರ ಗಂಡ ಬಂದ. ಸಾಧು ಮನುಷ್ಯ, ಕೈಮುಗಿದೇ ಮಾತಾಡುವವನು. ಎಲ್ಲಿಗೆ ಹೋಗುತ್ತಿ ಎಂದು ಕೇಳಿದರೆ ತಲೆ ತಗ್ಗಿಸಿದ. ದೇವರ ಪಟದ ಮುಂದೆ ಕೂರಿಸಿ ಕೇಳಿದ ಮೇಲೆ ಬಾಯಿಬಿಟ್ಟ.

"ಹನುಮಪ್ಪನ ಗುಡಿಗೆರೀ. ಅಲ್ಲೇ ಮಲಗ್ತೀನಿ. ಮದಿವ್ಯಾಗಿ ವರ್ಷಾದ್ರೂ ಕೂಸು ಆಗಲಿಲ್ಲ, ಹರಕಿ ಹೊತ್ತೀನ್ರಿ. ಮನ್ಯಾಗ ತೊಟ್ಟಿಲು ಕಟ್ಟೋ ತನಕ ಹೆಂಡ್ತಿ ಚಾಪಿ ತುಳಿಯಂಗಿಲ್ಲ ಅಂತ. ಯಾರ ಮುಂದೂ ಹೇಳಬಾರದರೀ, ಹೇಳಿದ್ರ ಫಲ ಹೋಗ್ತದ."

ನರ್ಸಮ್ಮ ಕೈಲಿದ್ದ ಟ್ರೇ ಮೇಜಿನ ಮೇಲಿಟ್ಟಳು. ಬೀಳಿಸಿಬಿಟ್ಟೇನು ಅಂತ ಇರಬೇಕು.

"ಅಲ್ಲಪಾ, ಅರಕೇರಾದಾಕಿ ಬಂದಿದ್ರ?" ಅಂದೆ.

"ಆಕಿಗೂ ಅದೇರೀ. ದೇವರ ಮಾತು."

ಹರಕೆ ಮುರಿ ಎಂದು ಹೇಳುವ ಬಾಯಿ ನನ್ನದಲ್ಲ. ಕಣ್ಣು ಮುಚ್ಚಿ ಶಿವನನ್ನು ನೆನೆದೆ. ದಾರಿ ಅವನೇ ತೋರಿಸಿದ.

"ಅಪ್ಪಾ, ನಿಮ್ಮವ್ವ ಹಡದಾಳಲ್ಲ, ನಿನ್ನ ತಮ್ಮನ್ನ ಎಲ್ಲಿ ಮಲಗಿಸ್ತೀರಿ?"

"ತೊಟ್ಟಿಲದಾಗರೀ."

"ಯಾರು ಕಟ್ಟಿದ್ರು?"

"ನಾನ ಕಟ್ಟೀನ್ರಿ, ನಡುಮನ್ಯಾಗ..." ಎಂದವನು ಅಲ್ಲಿಗೇ ನಿಂತ. ಪಟವನ್ನು ನೋಡಿದ, ನನ್ನನ್ನು ನೋಡಿದ. ದೇವರಿಗೆ ಅಡ್ಡಬಿದ್ದು ಎದ್ದ. ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದವನನ್ನು ನರ್ಸಮ್ಮ ಕೂಗಿದಳು, ಔಷಧಿ ಚೀಟಿಯಾದರೂ ತೊಗೊಂಡು ಹೋಗು ಅಂತ. ಗಬ್ಬೂರಿನ ಬಸ್ಸು ಬಿಡುತ್ತದೆ ಎಂದು ಓಡಿಯೇ ಹೋದ.

ಕೆಲವು ತಿಂಗಳ ಮೇಲೆ ಸೊಸೆ ಐದು ತಿಂಗಳ ಬಸುರಿಯಾಗಿ ಬಂದಳು. ಅತ್ತೆ ಅವಳ ಚೀಲ ಹಿಡಿದುಕೊಂಡು ಹಿಂದೆ ಬಂದಿದ್ದಳು, ಬಗಲಲ್ಲಿ ಮಗು. ಮತ್ತೊಂದು ಹುಡುಗಿಯ ಮಾತು ಆ ಬಾಯಲ್ಲಿ ಇರಲಿಲ್ಲ. ಕಟ್ಟೆಯ ಮೇಲಿನ ಹೆಂಗಸರು ಸೊಸೆಯನ್ನು ಮುತ್ತಿಕೊಂಡರು. ಯಾವ ಗುಳಿಗೆ, ಯಾವ ಸೂಜಿ, ಎಷ್ಟು ದಿನ?

ಗಂಡನ ಹರಕೆಯನ್ನು ನಾಲ್ಕು ಮಂದಿಯ ಎದುರು ಹೇಳಲಾಗದ ಆ ಹುಡುಗಿ ನೆಲ ನೋಡುತ್ತ ಅಂದಳು. "ನಾ ಏನೂ ತೊಗೊಂಡಿಲ್ಲರೀ. ಮದಲ ನಮ್ಮತ್ತಿ ಹಡದ್ರು, ಆಮ್ಯಾಲ ನನಗ ಆತು."

ಮರುವಾರ ನಾವು ಬೀಗ ತೆಗೆಯುವ ಹೊತ್ತಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಪ್ರತಿ ಸೊಸೆಯೂ ತನ್ನ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಎಲ್ಲರಿಗಿಂತ ಮುಂದಿದ್ದವಳು, ಹಲ್ಲಿಲ್ಲದ ಒಬ್ಬ ಮುದುಕಿಯನ್ನು ರಟ್ಟೆ ಹಿಡಿದು ಒಳಗೆ ತಂದು, ಕುರ್ಚಿಯಲ್ಲಿ ಕೂರಿಸಿ, ನನಗೆ ಕೈಮುಗಿದು ಹೇಳಿದಳು:

"ನಂದು ಅವಸರಿಲ್ಲರೀ ಅಮ್ಮಾರ. ಮದಲ ಇವರನ್ನ ನೋಡ್ರಿ."